ಮೋಟಾರು ಗಾಡಿಯ ಮುಗ್ಗರಿಕೆ ಮತ್ತು ಅದರ ನಿದಾನ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಹಳ್ಳಿಗಳಿಂದ ಹೊರಡುವ ದಾರಿಗಳಲ್ಲಿ ಬಹುಪಾಲು ಕೊನೆಗೆ ಬಂದು ಕೂಡುವುದು ಕರಾವಳಿಯ ಹೆದ್ದಾರಿಯನ್ನು. ಹಿಂದೆ 17 ಎಂಬ ಅಂಕಿಯಿಂದ ಪ್ರಸಿದ್ಧವಾಗಿದ್ದ ಈ ರಾಷ್ಟ್ರೀಯ ಹೆದ್ದಾರಿಗೆ ಈಗ 66 ಎಂಬ ಅಂಕಿ. ಹಾದಿ ಅಗಲವಾಯಿತು, ನಾಲ್ಕು ಪಥಗಳಾದವು, ಅದರೊಡನೆ ವಾಹನಗಳ ವೇಗವೂ ಏರಿತು. ಸಾಲಿಗ್ರಾಮದಲ್ಲಿಯೋ ತ್ರಾಸಿಯಲ್ಲಿಯೋ ಅಡ್ಡದಾರಿಯಿಂದ ಬಂದ ಹಳೆಯ ಕಾರೊಂದು ಹೆದ್ದಾರಿಯ ಅಂಚಿನಲ್ಲಿ ನಿಂತು ಅವಕಾಶ ಕಾಯುತ್ತದೆ. ದೂರದಲ್ಲಿ ಮೀನಿನ ಲಾರಿ ಬರುತ್ತಿದೆ, ದಾಟಲು ಸಾಕಷ್ಟು ಸಮಯವಿದೆ. ಚಾಲಕನು ಮೊದಲನೆಯ ಗೇರಿನಲ್ಲಿ ಕ್ಲಚ್ಚು ಬಿಡುತ್ತ ಆಕ್ಸಿಲರೇಟರನ್ನು ತುಳಿಯುತ್ತಾನೆ. ಗಾಡಿ ಮುಂದಕ್ಕೆ ನೆಗೆಯಬೇಕಾದ ಆ ಗಳಿಗೆಯಲ್ಲಿ ಇಂಜಿನು ಉಸಿರು ಕಟ್ಟಿದಂತೆ ತಡವರಿಸಿ, ಒಮ್ಮೆ ಕೆಮ್ಮಿ, ಅರ್ಧ ಕ್ಷಣ ಸತ್ತಂತಾಗಿ, ಬಳಿಕ ಒಮ್ಮೆಗೇ ಜಗ್ಗಿಕೊಂಡು ಓಡುತ್ತದೆ. ಅಷ್ಟರಲ್ಲಿ ಗಾಡಿಯ ಮೂತಿ ಹೆದ್ದಾರಿಯ ನಡುವಿಗೆ ಬಂದಿರುತ್ತದೆ, ಲಾರಿಯೂ ಹತ್ತಿರವಾಗಿರುತ್ತದೆ.

ಊರಿನ ಒಳದಾರಿಯಲ್ಲಿ ಬರಿಯ ಕಿರಿಕಿರಿಯಾಗಿದ್ದ ಈ ದೋಷ ಇಲ್ಲಿ ಪ್ರಾಣಸಂಕಟವಾಗಿ ಪರಿಣಮಿಸುತ್ತದೆ. ಗ್ಯಾರೇಜುಗಳಲ್ಲಿ ಇದಕ್ಕೆ ‘ಪಿಕಪ್ ಇಲ್ಲ’, ‘ಮಿಸ್ಸಿಂಗ್’, ‘ಜರ್ಕ್ ಹೊಡೆಯುತ್ತದೆ’ ಎಂಬಿತ್ಯಾದಿ ಹೆಸರುಗಳಿವೆ. ಕನ್ನಡದಲ್ಲಿ ಮುಗ್ಗರಿಕೆ ಎಂಬ ಮಾತು ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಇಂಜಿನು ಬೀಳುವುದಿಲ್ಲ, ಬೀಳುವಂತಾಗಿ ಸಾವರಿಸಿಕೊಳ್ಳುತ್ತದೆ.

ಇಂದಿನ ಹೊಸ ಕಾರುಗಳಿಗೆ ಈ ವಿವೇಚನೆ ಅನ್ವಯಿಸದು. ಅವುಗಳಲ್ಲಿ ಪೆಟ್ರೋಲನ್ನು ಅಳೆದು ಚಿಮುಕಿಸುವ ಕೆಲಸವನ್ನು ವಿದ್ಯುನ್ಮಾನ ಸಾಧನವು ಮಾಡುತ್ತದೆ. ಇಲ್ಲಿ ಹೇಳುವುದು ಕಾರ್ಬ್ಯುರೆಟರುಳ್ಳ ಗಾಡಿಗಳ ವಿಷಯ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಹಳೆಯ ಪೆಟ್ರೋಲ್ ಮಾದರಿಗಳು, 1974ರಿಂದ ಪದ್ಮಿನಿ ಎಂಬ ಹೆಸರು ಪಡೆದ ಪ್ರೀಮಿಯರ್ ಕಂಪೆನಿಯ ಫಿಯಟ್, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ಮೊದಲ ಹದಿನೈದು ಹದಿನಾರು ವರ್ಷಗಳ ಗಾಡಿಗಳು ಈ ಜಾತಿಗೆ ಸೇರಿದವು. ತಂದೆಯ ನೆನಪಿಗೆಂದೋ, ದೇವಸ್ಥಾನಕ್ಕೆ ಹೋಗಿಬರಲಿಕ್ಕೆಂದೋ, ಕೇವಲ ಪ್ರೀತಿಯಿಂದಲೋ ಇಂಥ ಗಾಡಿಗಳನ್ನು ಉಳಿಸಿಕೊಂಡವರು ಕರಾವಳಿಯಲ್ಲಿ ಇಂದಿಗೂ ಇದ್ದಾರೆ. ಆದರೆ ಅವುಗಳ ನಾಡಿ ಬಲ್ಲ ಹಿರಿಯ ಮೆಕ್ಯಾನಿಕರು ಒಬ್ಬೊಬ್ಬರಾಗಿ ಕೆಲಸದಿಂದ ಹಿಂದೆ ಸರಿಯುತ್ತಿದ್ದಾರೆ. ಗಣಕಯಂತ್ರವನ್ನು ಜೋಡಿಸಿ ದೋಷಸಂಖ್ಯೆ ಓದುವುದನ್ನು ಕಲಿತ ತರುಣನಿಗೆ ಕಾರ್ಬ್ಯುರೆಟರು ಬಾಯಿಬಾರದ ಮೂಗಪ್ರಾಣಿಯಂತೆ ತೋರುವುದು ಸಹಜವೇ. ಆಗ ನಡೆಯುವುದೇನೆಂದರೆ, ಪ್ಲಗ್ಗು ಬದಲಿಸುವುದು, ಕಾಯಿಲ್ ಬದಲಿಸುವುದು, ಕಡೆಗೆ ಕಾರ್ಬ್ಯುರೆಟರನ್ನೇ ಬದಲಿಸುವುದು. ಸಾವಿರಾರು ರೂಪಾಯಿ ವೆಚ್ಚವಾದ ಮೇಲೆಯೂ ಗಾಡಿ ಅದೇ ತಿರುವಿನಲ್ಲಿ ಮುಗ್ಗರಿಸುತ್ತದೆ. ‘ಗುಜರಿಗೆ ಹಾಕಿಬಿಡಿ’ ಎಂಬ ಉಪದೇಶದೊಡನೆ ಚಿಕಿತ್ಸೆ ಮುಗಿಯುತ್ತದೆ. ವಾಸ್ತವದಲ್ಲಿ ಈ ಕಾಯಿಲೆಯ ಮೂಲ ಅನೇಕ ವೇಳೆ ಒಂದು ರಬ್ಬರಿನ ಪೊರೆ, ಒಂದು ತುಂಡು ಕೊಳವೆ ಅಥವಾ ಒಂದು ಗೇಣುದ್ದದ ತಂತಿಯಲ್ಲಿರುತ್ತದೆ. ಬಿಚ್ಚುವುದಕ್ಕೆ ಮೊದಲು ಗಾಡಿ ಯಾವಾಗ, ಹೇಗೆ ಮುಗ್ಗರಿಸುತ್ತದೆಂಬುದನ್ನು ಗಮನಿಸಿದರೆ ಅದು ತನ್ನ ರೋಗವನ್ನು ತಾನೇ ಹೇಳುತ್ತದೆ.

ಇದನ್ನು ಅರಿಯಬೇಕಾದರೆ ಇಂಜಿನಿನ ಆಹಾರಕ್ರಮವನ್ನು ಸ್ವಲ್ಪ ತಿಳಿಯುವುದು ಅವಶ್ಯ. ಪೆಟ್ರೋಲು ಒಂದೇ ಉರಿಯದು, ಗಾಳಿಯೊಡನೆ ಬೆರೆತು ಉರಿಯಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲನ್ನು ಪೂರ್ತಿ ಉರಿಸಲು ಸುಮಾರು 9000 ಲೀಟರು ಗಾಳಿ ಬೇಕಾಗುತ್ತದೆ. ಪೆಟ್ರೋಲು ಕಡಿಮೆಯಾದರೆ ಮಿಶ್ರಣ ಬಡವಾಗುತ್ತದೆ, ಹೆಚ್ಚಾದರೆ ಪುಷ್ಟವಾಗುತ್ತದೆ. ಭಾರ ಎಳೆಯುವಾಗಲೂ ವೇಗ ಏರಿಸುವಾಗಲೂ ಇಂಜಿನಿಗೆ ಸ್ವಲ್ಪ ಪುಷ್ಟವಾದ, ಅಂದರೆ 12 ಅಥವಾ 13 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲಿನ ಮಿಶ್ರಣ ರುಚಿಸುತ್ತದೆ. ಬಡ ಮಿಶ್ರಣಕ್ಕೆ ಕಿಡಿ ಹತ್ತಿದರೂ ಅದು ನಿಧಾನವಾಗಿ ಉರಿಯುತ್ತದೆ, ಕೆಲವೊಮ್ಮೆ ಹತ್ತುವುದೇ ಇಲ್ಲ. ಮುಗ್ಗರಿಕೆಯ ಸಂದರ್ಭಗಳಲ್ಲಿ ಹೆಚ್ಚಿನವು ಈ ಕ್ಷಣಿಕ ಬಡತನವೇ.

ಗಾಳಿಯ ಹರಿವು ಇಕ್ಕಟ್ಟಾದ ಕಂಠದಲ್ಲಿ ಹಾಯುವಾಗ ಅದರ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಬರ್ನೂಲಿ 1738ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದ ಈ ತತ್ತ್ವವನ್ನು ಪ್ರೌಢಶಾಲೆಯ ಉಪಾಧ್ಯಾಯರು ಎರಡು ಕಾಗದದ ಹಾಳೆಗಳ ನಡುವೆ ಊದಿ ತೋರಿಸುವುದುಂಟು. ಕಾರ್ಬ್ಯುರೆಟರಿನ ಕಂಠದಲ್ಲಿಯೂ ಹೀಗೆಯೇ. ಅಲ್ಲಿಯ ತಗ್ಗಿದ ಒತ್ತಡವು ಪಕ್ಕದ ಫ್ಲೋಟ್ ಕೊಠಡಿಯಿಂದ ಪೆಟ್ರೋಲನ್ನು ಜೆಟ್ಟಿನ ಮೂಲಕ ಮೇಲಕ್ಕೆ ಸೆಳೆದು ತುಂತುರಾಗಿಸುತ್ತದೆ. ಫ್ಲೋಟ್ ಕೊಠಡಿಯೆಂಬುದು ಮನೆಯ ನೀರಿನ ತೊಟ್ಟಿಯ ಹಾಗೆ. ತೇಲುಗುಂಡು ಏರಿದೊಡನೆ ಒಳಹರಿವು ಮುಚ್ಚಿ, ಮಟ್ಟ ಒಂದೇ ಸಮನಾಗಿರುತ್ತದೆ. ಕಂಠದ ಆಚೆಗೆ ಥ್ರಾಟಲ್ ಎಂಬ ತಿರುಗುವ ಬಿಲ್ಲೆಯಿದೆ. ಆಕ್ಸಿಲರೇಟರನ್ನು ತುಳಿದಾಗ ತೆರೆಯುವುದು ಈ ಬಿಲ್ಲೆ. ಚಾಲಕನು ತುಳಿದು ಹೆಚ್ಚಿಸುವುದು ಪೆಟ್ರೋಲನ್ನಲ್ಲ, ಗಾಳಿಯನ್ನು. ಪೆಟ್ರೋಲು ಗಾಳಿಯನ್ನು ಹಿಂಬಾಲಿಸಿ ಬರಬೇಕು. ತೊಡಕು ಇರುವುದು ಈ ‘ಹಿಂಬಾಲಿಸಿ’ ಎಂಬಲ್ಲಿ.

ಗಾಡಿ ನಿಂತು ಇಂಜಿನು ಸಣ್ಣಗೆ ಓಡುತ್ತಿರುವಾಗ ಬಿಲ್ಲೆ ಬಹುತೇಕ ಮುಚ್ಚಿರುತ್ತದೆ. ಬಿಲ್ಲೆಯ ಆಚೆಗಿನ ಮ್ಯಾನಿಫೋಲ್ಡಿನಲ್ಲಿ ಪಾದರಸದ 450ರಿಂದ 500 ಮಿಲಿಮೀಟರಿನಷ್ಟು ಸೆಳೆತವಿರುತ್ತದೆ. ಒತ್ತಡ ಕಡಿಮೆಯಿರುವಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗುವುದರಿಂದ ಮಿಶ್ರಣ ಸುಖವಾಗಿ ಸಾಗುತ್ತದೆ. ಬಿಲ್ಲೆಯನ್ನು ಹಠಾತ್ತಾಗಿ ತೆರೆದರೆ ಗಾಳಿ ನುಗ್ಗಿ ಸೆಳೆತ ಕುಸಿಯುತ್ತದೆ. ಆಗ ಎರಡು ಸಂಗತಿಗಳು ಜೊತೆಯಾಗಿ ನಡೆಯುತ್ತವೆ. ಗಾಳಿಗಿಂತ ಎಷ್ಟೋ ಪಾಲು ಭಾರವಾದ ಪೆಟ್ರೋಲಿನ ಹನಿಗಳು, ಓಡುವ ಹುಡುಗನ ಹಿಂದೆ ಅಕ್ಕಿಮುಡಿ ಹೊತ್ತವನಂತೆ, ತಡವಾಗಿ ಹೊರಡುತ್ತವೆ. ಜೊತೆಗೆ, ಒತ್ತಡ ಏರಿದ್ದರಿಂದ ಆವಿಯಾಗಿದ್ದ ಪೆಟ್ರೋಲಿನಲ್ಲಿ ಒಂದು ಭಾಗ ಮತ್ತೆ ದ್ರವವಾಗಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರಿಗೆ ತಲುಪುವುದು ಬರಿಯ ಗಾಳಿಯೇ ಎನ್ನುವಂತಾಗುತ್ತದೆ. ಕಾರ್ಬ್ಯುರೆಟರುಳ್ಳ ಪ್ರತಿಯೊಂದು ಇಂಜಿನಿಗೂ ಈ ಮುಗ್ಗರಿಕೆ ಹುಟ್ಟುಗುಣ. ಅದು ಹೊರಗೆ ಕಾಣದಂತೆ ಮುಚ್ಚುವ ಉಪಾಯಗಳನ್ನು ನಿರ್ಮಾಪಕರು ಒಳಗೆ ಅಳವಡಿಸಿದ್ದಾರೆ. ಆ ಉಪಾಯ ಕೆಟ್ಟಾಗ ಹುಟ್ಟುಗುಣ ಬಯಲಾಗುತ್ತದೆ.

ಪದ್ಮಿನಿಯ ಸೋಲೆಕ್ಸ್ ಮಾದರಿಯಲ್ಲಿಯೂ ಮಾರುತಿಯ ಕಾರ್ಬ್ಯುರೆಟರಿನಲ್ಲಿಯೂ ಇರುವ ಉಪಾಯ ಆಕ್ಸಿಲರೇಟರ್ ಪಂಪು. ಆರುತ್ತಿರುವ ಒಲೆಗೆ ಊದುಗೊಳವೆಯಿಂದ ಒಂದು ಉಸಿರು ಕೊಟ್ಟಂತೆ, ಬಿಲ್ಲೆ ತೆರೆಯುವ ಕ್ಷಣದಲ್ಲಿಯೇ ಈ ಪಂಪು ಕಂಠದೊಳಕ್ಕೆ ಒಂದು ಚಿಮ್ಮು ಪೆಟ್ರೋಲನ್ನು ಹಾಯಿಸುತ್ತದೆ. ಹಿಂದೆ ಬಿದ್ದ ಪೆಟ್ರೋಲು ಬಂದು ಸೇರುವ ವರೆಗೆ ಈ ಚಿಮ್ಮು ಇಂಜಿನನ್ನು ಸಲಹುತ್ತದೆ. ಪಂಪಿನ ಜೀವಾಳ ಒಂದು ತೆಳುವಾದ ಪೊರೆ, ಅಂದರೆ ಡಯಾಫ್ರಮ್. ಅದು ಒಣಗಿ ಬಿರಿದರೆ, ಅಥವಾ ಪಂಪಿನ ಸಣ್ಣ ಗುಂಡು ಕವಾಟದಲ್ಲಿ ಅಂಟು ಕೂತರೆ, ಅಥವಾ ಚಿಮ್ಮುವ ಮೂತಿ ಕಟ್ಟಿಕೊಂಡರೆ, ಊದುಗೊಳವೆ ಇದ್ದೂ ಇಲ್ಲದಂತೆ.

ಹಲವು ಅಂಬಾಸಿಡರ್ ಗಾಡಿಗಳಲ್ಲಿ ಇರುವುದು ಎಸ್.ಯು. ಎಂಬ ಬೇರೊಂದು ಬಗೆ. ಇದರಲ್ಲಿ ಪಂಪೇ ಇಲ್ಲ. ಪಾದರಕ್ಷೆಯ ವ್ಯಾಪಾರಕ್ಕೆ ಹೆಸರಾದ ಸ್ಕಿನ್ನರ್ ಎಂಬ ಇಂಗ್ಲಿಷ್ ಮನೆತನದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ರೂಪಿಸಿದರು. ಮೊದಮೊದಲಿನ ಮಾದರಿಗಳಲ್ಲಿ ಕಮ್ಮಾರನ ತಿದಿಯಂಥ ಚರ್ಮದ ತಿದಿಯೊಂದಿತ್ತು. ಚರ್ಮದ ಕಸುಬಿನವರ ಕೈಗೆ ಅದು ಸಹಜವಾಗಿ ಒದಗಿರಬೇಕು! ಬಳಿಕ ತಿದಿಯ ಸ್ಥಾನಕ್ಕೆ ಲೋಹದ ಪಿಸ್ಟನ್ನು ಬಂತು. ಗಾಳಿಯ ಹರಿವಿಗೆ ತಕ್ಕಂತೆ ಈ ಪಿಸ್ಟನ್ನು ಏರಿ ಇಳಿದು ಕಂಠವನ್ನೇ ಹಿಗ್ಗಿಸಿ ಕುಗ್ಗಿಸುತ್ತದೆ. ಪಿಸ್ಟನ್ನಿನ ತಲೆಯ ಮೇಲಿನ ಸಣ್ಣ ಕೊಳವೆಯಲ್ಲಿ ಎಣ್ಣೆ ತುಂಬಿರುತ್ತದೆ. ಥ್ರಾಟಲನ್ನು ಹಠಾತ್ತಾಗಿ ತೆರೆದಾಗ ಎಣ್ಣೆಯ ತಡೆಯಿಂದ ಪಿಸ್ಟನ್ನು ತುಸು ನಿಧಾನವಾಗಿ ಏರುತ್ತದೆ. ಕಂಠ ಒಂದು ಗಳಿಗೆ ಇಕ್ಕಟ್ಟಾಗಿಯೇ ಉಳಿದು, ಸೆಳೆತ ಹೆಚ್ಚಿ, ಪೆಟ್ರೋಲು ಹೆಚ್ಚು ಬರುತ್ತದೆ. ಇಲ್ಲಿ ಎಣ್ಣೆಯೇ ಪಂಪು. ಎಣ್ಣೆ ಒಣಗಿದರೆ ಗಾಡಿ ಮುಗ್ಗರಿಸುತ್ತದೆ. ಮೇಲಿನ ಹಿತ್ತಾಳೆಯ ಅಥವಾ ಕರಿಯ ಮುಚ್ಚಳವನ್ನು ಕೈಯಲ್ಲೇ ತಿರುಗಿಸಿ ತೆಗೆದು, ಎಸ್.ಎ.ಇ. 20 ಎಂಬ ತೆಳು ಇಂಜಿನ್ ಎಣ್ಣೆಯನ್ನು ಅಳತೆಗೆ ಹಾಕುವುದಷ್ಟೇ ಚಿಕಿತ್ಸೆ. ಮನೆಯಲ್ಲಿ ಯಥೇಚ್ಛವಾಗಿದೆಯೆಂದು ತೆಂಗಿನೆಣ್ಣೆ ಹಾಕುವುದು ತರವಲ್ಲ. ಅದು 24 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ, ಪುಷ್ಯಮಾಸದ ಬೆಳಗಿನಲ್ಲಿ ಪಿಸ್ಟನ್ನು ಏಳಲಾರದೆ ಗಾಡಿ ಕರಿಹೊಗೆ ಉಗುಳೀತು. ಕೆಲವು ಅಂಬಾಸಿಡರುಗಳಿಗೆ ಸೋಲೆಕ್ಸನ್ನೂ ಜೋಡಿಸಿದ್ದುಂಟು. ಆದುದರಿಂದ ಗಾಡಿಯ ಹೆಸರು ಕೇಳಿ ಚಿಕಿತ್ಸೆ ಹೇಳದೆ ಬಾನೆಟ್ಟು ಎತ್ತಿ ನೋಡಿಯೇ ಹೇಳಬೇಕು.

ಇನ್ನು ನಿದಾನದ ಕ್ರಮ. ಮುಗ್ಗರಿಸುತ್ತಿರುವುದು ಇಂಜಿನೇ ಹೌದೆಂಬುದು ಮೊದಲು ಖಚಿತವಾಗಬೇಕು. ಹ್ಯಾಂಡ್‌ಬ್ರೇಕು ಹಿಡಿದುಕೊಂಡಿದ್ದರೆ ಅಥವಾ ಕ್ಲಚ್ಚು ಜಾರುತ್ತಿದ್ದರೆ ಇಂಜಿನಿನ ಮೇಲೆ ಅಪವಾದ ಬರುವುದುಂಟು. ಅದು ತೀರಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಮೆಲ್ಲಗೆ ತುಳಿದಾಗಲೋ, ಥಟ್ಟನೆ ತುಳಿದಾಗಲೋ?

ಥಟ್ಟನೆ ತುಳಿದಾಗ ಮಾತ್ರ ಮುಗ್ಗರಿಸಿ, ಮೆಲ್ಲಗೆ ತುಳಿದರೆ ಸರಾಗವಾಗಿ ವೇಗ ಏರುವುದಾದರೆ ಸಂದೇಹ ಪಂಪಿನ ಮೇಲೆ. ಪರೀಕ್ಷೆ ಸುಲಭ. ಇಂಜಿನನ್ನು ನಿಲ್ಲಿಸಿ, ತಣ್ಣಗಾದ ಮೇಲೆ ಗಾಳಿಸೋಸುಕದ ಮುಚ್ಚಳವನ್ನು ತೆಗೆದು, ಕಂಠದೊಳಕ್ಕೆ ನೋಡುತ್ತ ಥ್ರಾಟಲಿನ ಸನ್ನೆಯನ್ನು ಕೈಯಿಂದ ತಿರುಗಿಸಬೇಕು. ಸನ್ನೆ ಅಲುಗಿದೊಡನೆಯೇ ಪೆಟ್ರೋಲಿನ ಎಳೆಯೊಂದು ನೇರವಾಗಿ ಚಿಮ್ಮಬೇಕು. ಚಿಮ್ಮದಿದ್ದರೆ, ತೊಟ್ಟಿಕ್ಕಿದರೆ, ಅಥವಾ ಸನ್ನೆ ಅರ್ಧ ತಿರುಗಿದ ಮೇಲಷ್ಟೇ ಚಿಮ್ಮಿದರೆ ಕಳ್ಳ ಸಿಕ್ಕಂತೆಯೇ. ಅರ್ಧ ತಿರುಗಿದ ಮೇಲೆ ಚಿಮ್ಮುವುದಕ್ಕೆ ಪಂಪಿನ ಪೊರೆ ಕಾರಣವಾಗಿರದೆ, ಸನ್ನೆಗಳ ಕೀಲು ಸವೆದು ಸಡಿಲವಾಗಿರಬಹುದು. ಮೂವತ್ತು ನಲವತ್ತು ವರ್ಷ ತುಳಿಸಿಕೊಂಡ ಗಾಡಿಯಲ್ಲಿ ಇದು ಸಾಮಾನ್ಯ. ಹೊಸ ಪೊರೆ ಹಾಕಿದವನು ಕೀಲನ್ನು ನೋಡದಿದ್ದರೆ ಖರ್ಚು ವ್ಯರ್ಥ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡುವುದರಿಂದ ಈ ಪರೀಕ್ಷೆಯನ್ನು ಬಯಲಿನಲ್ಲಿಯೇ ಮಾಡತಕ್ಕದ್ದು. ಬೀಡಿ ಸೇದುವ ಸಹಾಯಕನನ್ನು ದೂರವಿರಿಸತಕ್ಕದ್ದು.

ಮೆಲ್ಲಗೆ ತುಳಿದಾಗಲೂ, ಬಿಲ್ಲೆ ತೆರೆಯತೊಡಗಿದ ಆರಂಭದಲ್ಲಿಯೇ ಇಂಜಿನು ಬಳಲಿದರೆ ಪಂಪು ನಿರಪರಾಧಿ. ಮುಖ್ಯ ಜೆಟ್ಟು ಕೆಲಸಕ್ಕೆ ತೊಡಗಲು ಕಂಠದಲ್ಲಿ ಸಾಕಷ್ಟು ಗಾಳಿಯ ವೇಗ ಬೇಕು. ಅದಕ್ಕೆ ಮುಂಚೆ ಪೆಟ್ರೋಲು ಬರುವುದು ಐಡ್ಲಿಂಗ್ ಜೆಟ್ಟಿನಿಂದ, ಮತ್ತು ಬಿಲ್ಲೆಯ ಅಂಚಿನ ಬಳಿ ಗೋಡೆಯಲ್ಲಿ ಕೊರೆದ ಸೂಜಿಮೊನೆಯಂಥ ಒಂದೆರಡು ರಂಧ್ರಗಳಿಂದ. ಬಿಲ್ಲೆ ತಿರುಗುತ್ತ ಈ ರಂಧ್ರಗಳನ್ನು ದಾಟಿದಂತೆಲ್ಲ ಅವು ಒಂದೊಂದಾಗಿ ಪೆಟ್ರೋಲು ಸುರಿಸಿ, ಸಣ್ಣ ಓಟದಿಂದ ದೊಡ್ಡ ಓಟಕ್ಕೆ ಸಂಕದಂತೆ ದಾಟಿಸುತ್ತವೆ. ಹೆಚ್ಚು ಕಾಲ ನಿಂತ ಗಾಡಿಯಲ್ಲಿ ಪೆಟ್ರೋಲು ಆರಿ ಉಳಿದ ಅಂಟು ಮೊದಲು ಮುಚ್ಚುವುದು ಈ ರಂಧ್ರಗಳನ್ನೇ. ಇವನ್ನು ಕಾರ್ಬ್ಯುರೆಟರ್ ತೊಳೆಯುವ ದ್ರಾವಣದಿಂದ ನೆನೆಸಿ, ಒತ್ತಿದ ಗಾಳಿಯಿಂದ ಊದಬೇಕು. ತಂತಿ ತೂರಿಸಿದರೆ ರಂಧ್ರ ಹಿಗ್ಗುತ್ತದೆ, ಹಿಡಿಸೂಡಿಯ ಕಡ್ಡಿ ತೂರಿಸಿದರೆ ತುದಿ ಒಳಗೆ ಮುರಿದು ಹೊಸದೊಂದು ಕಷ್ಟ ಪ್ರಾಪ್ತವಾಗುತ್ತದೆ.

ಈ ಹಂತದ ಮುಗ್ಗರಿಕೆಗೆ ಮನುಷ್ಯಕೃತವಾದ ಕಾರಣವೂ ಒಂದಿದೆ. ಹೊಗೆ ತಪಾಸಣೆಯಲ್ಲಿ ಹಳೆಯ ಪೆಟ್ರೋಲ್ ಕಾರುಗಳು ಇಂಗಾಲದ ಮೊನಾಕ್ಸೈಡನ್ನು ಶೇ. 3ರೊಳಗೆ ತೋರಿಸಬೇಕು. ತಪಾಸಣೆ ನಡೆಯುವುದು ಗಾಡಿ ನಿಂತು ಸಣ್ಣಗೆ ಓಡುವಾಗ. ಆದುದರಿಂದ ಕೆಲವರು ಮಿಶ್ರಣದ ತಿರುಪನ್ನು ಒಳಕ್ಕೆ ಬಿಗಿದು ಮಿಶ್ರಣವನ್ನು ಬಡವಾಗಿಸಿ ಪ್ರಮಾಣಪತ್ರ ಪಡೆಯುತ್ತಾರೆ. ಮನೆಗೆ ಬರುವಾಗ ಗಾಡಿ ಪ್ರತಿಯೊಂದು ತಿರುವಿನಲ್ಲಿಯೂ ಮುಗ್ಗರಿಸುತ್ತದೆ. ಇಂಜಿನು ಕಾಯ್ದ ಬಳಿಕ ತಿರುಪನ್ನು ಅದು ತಡವರಿಸುವ ವರೆಗೆ ಮೆಲ್ಲನೆ ಒಳಕ್ಕೆ ತಿರುಗಿಸಿ, ಓಟ ಸಮವಾಗುವ ವರೆಗೆ ಹೊರಕ್ಕೆ ಬಿಡುವುದು ಸರಿಯಾದ ಕ್ರಮ. ಪ್ಲಗ್ಗು, ಪಾಯಿಂಟು, ಗಾಳಿಸೋಸುಕಗಳು ಚೊಕ್ಕಟವಾಗಿದ್ದ ಗಾಡಿ ಹೀಗೆ ಹೊಂದಿಸಿದ ಮೇಲೆಯೂ ತಪಾಸಣೆಯಲ್ಲಿ ಗೆಲ್ಲುವುದು ಕಷ್ಟವಲ್ಲ.

ಚೋಕನ್ನು ಅರ್ಧ ಎಳೆದಾಗ ಮುಗ್ಗರಿಕೆ ಮಾಯವಾಗುವುದಾದರೆ ಮಿಶ್ರಣ ಬಡವಾಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಚೋಕಿನಿಂದ ಇನ್ನೂ ಕೆಟ್ಟು, ಕರಿಹೊಗೆ ಬಂದು, ಪ್ಲಗ್ಗಿನ ತುದಿ ಮಸಿಯಾಗಿದ್ದರೆ ಪುಷ್ಟತೆಯೇ ರೋಗ. ಕಟ್ಟಿದ ಗಾಳಿಸೋಸುಕ, ತೂತಾಗಿ ಮುಳುಗಿದ ತೇಲುಗುಂಡು, ಪೂರ್ತಿ ತೆರೆಯದ ಚೋಕು ಇವುಗಳನ್ನು ನೋಡಿದರೆ ಸಾಕು. ಹುಲಿಕಲ್ ಘಾಟಿ ಹತ್ತಿದ ಮೇಲೆ ಮಾತ್ರ ಗಾಡಿ ತುಸು ಭಾರವೆನಿಸಿದರೆ ಯಾವುದನ್ನೂ ಮುಟ್ಟಬೇಕಾಗಿಲ್ಲ. ಆರೇಳು ನೂರು ಮೀಟರು ಎತ್ತರದಲ್ಲಿ ಗಾಳಿ ತೆಳುವಾಗಿ ಮಿಶ್ರಣ ತಾನಾಗಿ ತುಸು ಪುಷ್ಟವಾಗುತ್ತದೆ. ಘಾಟಿ ಇಳಿದರೆ ಸರಿಹೋಗುತ್ತದೆ.

ಕಾರ್ಬ್ಯುರೆಟರು ಸರಿಯಾಗಿದ್ದೂ ಮಿಶ್ರಣ ಬಡವಾಗುವುದು ಕಳ್ಳಗಾಳಿಯಿಂದ. ಕಾರ್ಬ್ಯುರೆಟರಿನ ಬುಡದ ಗ್ಯಾಸ್ಕೆಟ್ಟು, ಮ್ಯಾನಿಫೋಲ್ಡಿನ ಸಂದು, ರಬ್ಬರು ಕೊಳವೆಗಳು, ಸವೆದ ಥ್ರಾಟಲ್ ಕಡ್ಡಿ ಇವು ಕಳ್ಳಗಾಳಿಯ ಬಾಗಿಲುಗಳು. ಬುಡದ ನಟ್ಟುಗಳನ್ನು ಬಲವಂತವಾಗಿ ಬಿಗಿದು ಬಿಗಿದು ಬುಡದ ತಟ್ಟೆಯೇ ಬಾಗಿರುವ ಕಾರ್ಬ್ಯುರೆಟರುಗಳು ಎಷ್ಟೋ ಇವೆ; ಅಂಥದಕ್ಕೆ ಎಷ್ಟು ಗ್ಯಾಸ್ಕೆಟ್ಟು ಹಾಕಿದರೂ ಫಲವಿಲ್ಲ, ತಟ್ಟೆಯನ್ನು ಸಮತಟ್ಟಾಗಿ ತೇಯಿಸಬೇಕು. ಇಂಜಿನು ಸಣ್ಣಗೆ ಓಡುತ್ತಿರುವಾಗ ಸಂದಿನ ಮೇಲೆ ಇಂಜಿನ್ ಎಣ್ಣೆಯ ನಾಲ್ಕು ಹನಿ ಬಿಟ್ಟು ನೋಡಿದರೆ, ಕಳ್ಳಗಾಳಿಯಿರುವಲ್ಲಿ ಎಣ್ಣೆ ಒಳಕ್ಕೆ ಸೆಳೆಯಲ್ಪಟ್ಟು ಓಟದ ಸದ್ದು ಬದಲಾಗುತ್ತದೆ. ಈ ಪರೀಕ್ಷೆಗೆ ಪೆಟ್ರೋಲು ಎರಚುವ ಅಭ್ಯಾಸ ಕೆಲವೆಡೆ ಇದೆ. ಕಾಯ್ದ ಇಂಜಿನಿನ ಮೇಲೆ ಅದು ಬೆಂಕಿಯೊಡನೆ ಸರಸವೇ ಸರಿ.

ಕಾರ್ಬ್ಯುರೆಟರಿನ ದೋಷವೆಂದು ಬಂದ ಗಾಡಿಗಳಲ್ಲಿ ಕಿಡಿಯ ದೋಷವೇ ಇರುವುದು ಅಪರೂಪವಲ್ಲ. ಅದರಲ್ಲಿಯೂ ಡಿಸ್ಟ್ರಿಬ್ಯೂಟರಿಗೆ ಅಂಟಿಕೊಂಡಿರುವ ಸಣ್ಣ ಡಬ್ಬಿಯೊಂದು ಮೆಕ್ಯಾನಿಕರನ್ನು ಬಹಳವಾಗಿ ಸತಾಯಿಸುತ್ತದೆ. ಕಾರ್ಬ್ಯುರೆಟರಿನಿಂದ ಬಂದ ಸಪೂರ ಕೊಳವೆ ಇದಕ್ಕೆ ಕೂಡುತ್ತದೆ. ಥ್ರಾಟಲು ತುಸು ತೆರೆದಾಗ ಬರುವ ಸೆಳೆತದಿಂದ ಡಬ್ಬಿಯೊಳಗಿನ ಪೊರೆ ಹಿಂದಕ್ಕೆ ಸರಿದು, ಪಾಯಿಂಟು ಕೂತಿರುವ ತಟ್ಟೆಯನ್ನು ತಿರುಗಿಸಿ, ಕಿಡಿಯು ಸ್ವಲ್ಪ ಮುಂಚಿತವಾಗಿ ಹಾರುವಂತೆ ಮಾಡುತ್ತದೆ. ನಿಧಾನಗತಿಯ ಹಗುರ ಓಟದಲ್ಲಿ ಇಂಜಿನಿನ ಚುರುಕು ಇದನ್ನವಲಂಬಿಸಿದೆ. ಪೊರೆ ತೂತಾದರೆ ಕಿಡಿ ತಡವಾಗುತ್ತದೆ. ಅದೇ ತೂತಿನಿಂದ ಕಳ್ಳಗಾಳಿ ನುಗ್ಗಿ ಮಿಶ್ರಣವೂ ಬಡವಾಗುತ್ತದೆ. ಒಂದು ತೂತು, ಎರಡು ರೋಗ. ಹಳೆಯ ಮೆಕ್ಯಾನಿಕರ ಪರೀಕ್ಷೆ ಬಲು ಸರಳ: ಕೊಳವೆಯನ್ನು ಕಾರ್ಬ್ಯುರೆಟರಿನ ಕಡೆಯಿಂದ ಕಳಚಿ, ಬಾಯಿಂದ ಹೀರಿ, ತುದಿಗೆ ನಾಲಗೆ ಒತ್ತಿ ಹಿಡಿಯುವುದು. ನಾಲಗೆಗೆ ಅದು ಕಚ್ಚಿಕೊಂಡಿದ್ದರೆ ಪೊರೆ ಕ್ಷೇಮ. ಬಿಟ್ಟುಕೊಂಡರೆ ಡಬ್ಬಿ ಬದಲಿಸಬೇಕು.

ಡಬ್ಬಿ ಕ್ಷೇಮವಾಗಿದ್ದೂ ಗಾಡಿ ಮುಗ್ಗರಿಸುವ ಒಂದು ವಿಚಿತ್ರ ಪ್ರಸಂಗವುಂಟು. ಬಸ್ರೂರಿನ ಕಡೆಯಿಂದ ಬಂದ ಪದ್ಮಿನಿಯೊಂದಕ್ಕೆ ಪಂಪು ಹೊಸದು, ಜೆಟ್ಟು ಚೊಕ್ಕಟ, ಗ್ಯಾಸ್ಕೆಟ್ಟು ಭದ್ರ ಎಂದಿಟ್ಟುಕೊಂಡರೂ ತುಳಿದೊಡನೆ ಇಂಜಿನು ಕ್ಷಣಕಾಲ ಪೂರ್ತಿ ಸಾಯುತ್ತದೆ. ಬಡ ಮಿಶ್ರಣದಲ್ಲಿ ಇಂಜಿನು ಬಳಲುತ್ತದೆ, ಕಾರ್ಬ್ಯುರೆಟರಿನೊಳಗೆ ಕೆಮ್ಮುತ್ತದೆ. ಹೀಗೆ ಸ್ವಿಚ್ಚು ಆರಿಸಿದಂತೆ ಸಾಯುವುದಿಲ್ಲ. ಕಾರಣವಿರುವುದು ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟಿಗೆ ಹೋಗುವ ಗಿಡ್ಡ ತಂತಿಯಲ್ಲಿ. ತಟ್ಟೆ ತಿರುಗಿದಾಗಲೆಲ್ಲ ಬಾಗಿ ಬಾಗಿ ತಂತಿಯ ಎಳೆಗಳು ಹೊದಿಕೆಯೊಳಗೇ ತುಂಡಾಗಿರುತ್ತವೆ. ಗಾಡಿ ನಿಂತಾಗ ತುದಿಗಳು ಮುಟ್ಟಿಕೊಂಡಿದ್ದು, ತಟ್ಟೆ ಸರಿದ ಕ್ಷಣ ಅಗಲುತ್ತವೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಡಬ್ಬಿಯ ಕೊಳವೆಯನ್ನು ಕಳಚಿ, ತುದಿಯನ್ನು ಮುಚ್ಚಿ ಓಡಿಸಿದಾಗ ಈ ಸಾವು ನಿಂತುಹೋದರೆ ತಂತಿಯೇ ತಪ್ಪಿತಸ್ಥ. ಬದಲಿಸಲು ಬೇಕಾಗುವುದು ಹಲವು ಎಳೆಗಳ ಮೆದು ತಂತಿ; ಮನೆಯ ವಿದ್ಯುತ್ತಿನ ಗಡಸು ತಂತಿ ಹಾಕಿದರೆ ತಟ್ಟೆ ತಿರುಗಲಾರದು. ಅದೇ ಹೊತ್ತಿನಲ್ಲಿ ಪಾಯಿಂಟಿನ ಅಂತರವನ್ನೂ ನೋಡುವುದು ಲೇಸು. ಅಂಬಾಸಿಡರಿನಲ್ಲಿ ಅದು ಸುಮಾರು 0.4 ಮಿಲಿಮೀಟರು.

ಕರಾವಳಿಗೆ ವಿಶೇಷವಾದ ಇನ್ನೊಂದು ಪೀಡೆ ಉಪ್ಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಪ್ರವಾಸಿಗರಿಗೆ ಅದು ನಯನಮನೋಹರ. ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಮಾತ್ರ ಪರಮ ಶತ್ರು. ಗಾಳಿಯೊಡನೆ ಬಂದು ಕೂತ ಉಪ್ಪಿನ ಕಣ ತೇವವನ್ನು ಹೀರಿಕೊಂಡು ಮುಚ್ಚಳದ ಮೇಲೂ ಪ್ಲಗ್ಗಿನ ತಂತಿಗಳ ಮೇಲೂ ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ವೇಗ ಏರಿಸುವಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುವುದರಿಂದ ಕಿಡಿ ಹಾರಲು ಹೆಚ್ಚಿನ ವೋಲ್ಟೇಜು ಬೇಕು. ಆಗ ವಿದ್ಯುತ್ತು ಕಷ್ಟದ ದಾರಿಯನ್ನು ಬಿಟ್ಟು ಉಪ್ಪಿನ ಸುಲಭ ದಾರಿಯನ್ನು ಹಿಡಿಯುತ್ತದೆ. ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢ ಶ್ರಾವಣಗಳಲ್ಲಿ ಈ ದೂರು ಹೆಚ್ಚು. ಕತ್ತಲೆಯಲ್ಲಿ ಬಾನೆಟ್ಟು ತೆರೆದು ಇಂಜಿನನ್ನು ಏರಿಸಿ ನೋಡಿದರೆ ತಂತಿಗಳ ಮೇಲೆ ನೀಲಿ ಎಳೆಗಳು ಹರಿದಾಡುವುದು ಕಣ್ಣಿಗೇ ಕಾಣುತ್ತದೆ. ಮುಚ್ಚಳವನ್ನು ಸಿಹಿನೀರಿನ ಒದ್ದೆಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಿಸುವುದು, ಬಿರುಕು ಬಿಟ್ಟಿದ್ದರೆ ಬದಲಿಸುವುದು, ಇಷ್ಟೇ ಪರಿಹಾರ.

ಕೊನೆಯದಾಗಿ, ಈ ಗಾಡಿಗಳು ಹುಟ್ಟಿದಾಗ ಇಲ್ಲದಿದ್ದ ಒಂದು ಕಾರಣ. ಪೆಟ್ರೋಲಿಗೆ ಎಥನಾಲು ಬೆರೆಸುವ ಪ್ರಮಾಣ 2022ರ ಜೂನಿನಲ್ಲಿ ದೇಶದಾದ್ಯಂತ ಸರಾಸರಿ ಶೇ. 10ನ್ನು ಮುಟ್ಟಿತು. ಶೇ. 20ರ ಮಿಶ್ರಣ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ಎಲ್ಲೆಡೆ ವ್ಯಾಪಿಸಿತು. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವುದರಿಂದ ಅದರ ಒಂದು ಪಾಲಿಗೆ 9 ಪಾಲು ಗಾಳಿ ಸಾಕು. ಶೇ. 20ರ ಮಿಶ್ರಣಕ್ಕೆ ಬೇಕಾದ ಗಾಳಿ ಸುಮಾರು 13.5 ಪಾಲು. 14.7ಕ್ಕೆ ಹೊಂದಿಸಿದ ಜೆಟ್ಟಿನಿಂದ ಈ ಇಂಧನ ಹಾದರೆ ಮಿಶ್ರಣ ಶೇ. 8ರಷ್ಟು ಬಡವಾಗುತ್ತದೆ. ಹೊಸ ಗಾಡಿಯ ವಿದ್ಯುನ್ಮಾನ ಸಾಧನ ಇದನ್ನು ತಾನೇ ಅರಿತು ಸರಿಪಡಿಸಿಕೊಳ್ಳುತ್ತದೆ. ಕಾರ್ಬ್ಯುರೆಟರಿಗೆ ಆ ಅರಿವಿಲ್ಲ. ಮೊದಲೇ ಅಂಚಿನಲ್ಲಿದ್ದ ಗಾಡಿ ಹೊಸ ಇಂಧನದಿಂದ ಮುಗ್ಗರಿಸತೊಡಗುವುದು ಹೀಗೆ. ಸೋಲೆಕ್ಸ್ ಜೆಟ್ಟುಗಳ ಮೇಲಿನ ಸಂಖ್ಯೆ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಪಾಲಿನಲ್ಲಿ ತಿಳಿಸುತ್ತದೆ. 120 ಎಂಬ ಜೆಟ್ಟಿದ್ದರೆ 125 ಹಾಕಿದಾಗ ರಂಧ್ರದ ವಿಸ್ತೀರ್ಣ ಸುಮಾರು ಶೇ. 8ರಷ್ಟು ಹೆಚ್ಚಿ ಲೆಕ್ಕ ಸರಿದೂಗುತ್ತದೆ. ಐಡ್ಲಿಂಗ್ ಜೆಟ್ಟಿಗೂ ಇದೇ ಲೆಕ್ಕ. ನಿಧಾನಗತಿಯ ಮುಗ್ಗರಿಕೆಗೆ ಇದನ್ನೇ ಮೊದಲು ನೋಡಬೇಕು. ಆದರೆ ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ ಜೆಟ್ಟಿಗೆ ಕೈ ಹಚ್ಚತಕ್ಕದ್ದು. ಕಳ್ಳಗಾಳಿಯ ದೋಷವನ್ನು ದೊಡ್ಡ ಜೆಟ್ಟಿನಿಂದ ಮುಚ್ಚಿದರೆ ಪೆಟ್ರೋಲಿನ ಖರ್ಚು ಏರುತ್ತದೆ, ದೋಷ ಒಳಗೇ ಉಳಿಯುತ್ತದೆ.

ಎಥನಾಲು ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಸಡಿಲಿಸುತ್ತದೆ. ಪಂಪಿನ ಪೊರೆ, ಪೆಟ್ರೋಲ್ ಕೊಳವೆಗಳನ್ನು ಅದಕ್ಕೆ ತಡೆಯುವಂಥ ಹೊಸ ಬಗೆಯವುಗಳಿಂದ ಬದಲಿಸಿಬಿಡುವುದು ಒಳಿತು. ಅದು ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಲ್ಲುವ ಗಾಡಿಯಲ್ಲಿ ಕ್ರಮೇಣ ನೀರು ಬೇರ್ಪಟ್ಟು ಫ್ಲೋಟ್ ಕೊಠಡಿಯ ತಳಕ್ಕೆ ಇಳಿದು, ಬಿಳಿಯ ಪುಡಿಯಂಥ ತುಕ್ಕು ಹಿಡಿಸುತ್ತದೆ. ಮುಂಗಾರಿಗೆ ಮುಂಚೆ ಪೆಟ್ರೋಲಿನ ಕೊಳವೆಯನ್ನು ಕಳಚಿ ಕೊಠಡಿ ಬರಿದಾಗುವ ವರೆಗೆ ಇಂಜಿನನ್ನು ಓಡಿಸಿಡುವುದರಿಂದ ಇದು ತಪ್ಪುತ್ತದೆ. ಮಳೆ ಕಳೆದ ಬಳಿಕ ಹೊಸ ಪೆಟ್ರೋಲು ಹಾಕಿ, ಪಂಪಿನ ಚಿಮ್ಮನ್ನು ಒಮ್ಮೆ ಕಣ್ಣಾರೆ ನೋಡಿ, ಒತ್ತಿನೆಣೆಯಂಥ ಏರಿನಲ್ಲಿ ಎರಡನೆಯ ಗೇರಿನಿಂದ ತುಳಿದು ಪರೀಕ್ಷಿಸಿಕೊಂಡು ಆಮೇಲೆ ಹೆದ್ದಾರಿಗೆ ಇಳಿಸಬೇಕು.